ಅವ್ವನ ಖರ್ಚಿನ ವಹಿ

ನಾನು ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಮೇಲೆ ಅಕೌಂಟ್ಸ್ ನೋಡಿದವನು. ಏನೇ ಖರ್ಚಾದರೂ ಬರೆದಿಡುವ ಚಟ. 2013ರ ಮಳೆಗಾಲದಲ್ಲಿ ಬೆಟಗೇರಿಯ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಮುಗಿಸಿ ಹುಬ್ಬಳ್ಳಿಗೆ ನಮ್ಮ ಮನೆಗೆ ಕರೆತಂದ ದಿನವೇ ಒಂದು ಹೊಸ ವಹಿ ಶುರು ಮಾಡಿದೆ. ಅವಳು ಹೋದದ್ದು 2017ರಲ್ಲಿ. 47 ತಿಂಗಳು. ವಹಿಯ ಕೊನೆಯ ಪುಟದಲ್ಲಿ ಕೂಡಿಸಿದಾಗ ಬಂದ ಮೊತ್ತ 6,80,000. ಆಸ್ಪತ್ರೆಯ ಬಿಲ್ಲು ಇದರಲ್ಲಿ ಇಲ್ಲ, ಅದು ಬೇರೆ. ಇದು ಬರೀ ಮನೆಯಲ್ಲಿ ಆದದ್ದು: ಹಗಲು ನೋಡಿಕೊಳ್ಳುವ ಹೆಣ್ಣುಮಗಳ ಪಗಾರ, ಡೈಪರ್, ಗುಳಿಗೆ, ಬೆನ್ನಿಗೆ ಹುಣ್ಣಾಗಬಾರದು ಅಂತ ತಂದ ಗಾಳಿ ಹಾಸಿಗೆ, ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೊಥೆರಪಿಯವರು.

ಆ ವಹಿ ಇನ್ನೂ ಇದೆ. ನಮ್ಮಿಬ್ಬರ ಮುಪ್ಪಿನ ಪ್ಲ್ಯಾನು ಮಾಡಿದ್ದು ಅದನ್ನು ಮುಂದಿಟ್ಟುಕೊಂಡೇ. ನನಗೀಗ 67, ಹೆಂಡತಿಗೆ 63. ಮಗ ಪುಣೆಯಲ್ಲಿ, ಮಗಳು ದಾವಣಗೆರೆಯಲ್ಲಿ.

ನಿಜ ಹೇಳಬೇಕೆಂದರೆ ವಹಿ ಬರೆಯುವವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ರಿಟೈರ್ ಆದ ಮೇಲೆ ತಿಂಗಳಿಗೆ ಊಟಕ್ಕೆ, ಕರೆಂಟ್ ಬಿಲ್ಲಿಗೆ ಎಷ್ಟು ಬೇಕು ಅನ್ನೋದು. ನನಗೆ ಬರೋದು ಪಿಎಫ್ ಪೆನ್ಶನ್, ಅದು 2,860 ರೂಪಾಯಿ. ನಾನು ಹೋದರೆ ಹೆಂಡತಿಗೆ ಅದರ ಅರ್ಧ. ಹೀಗಿರುವಾಗ ಬಡ್ಡಿಯ ಲೆಕ್ಕ ಬಿಟ್ಟು ಬೇರೆ ಏನು ತಲೆಗೆ ಬರುತ್ತೆ ಹೇಳಿ.

ಬಡ್ಡಿಯ ಕಥೆ ಬೇಗ ಹೇಳಿ ಮುಗಿಸುತ್ತೇನೆ. 2018ರ ನವೆಂಬರ್‌ನಲ್ಲಿ ರಿಟೈರ್ ಆದೆ. ಬಂದ ದುಡ್ಡಿನಲ್ಲಿ 15 ಲಕ್ಷ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಆಗ ಅದರ ಮಿತಿಯೇ 15 ಲಕ್ಷ, ಬಡ್ಡಿ 8.7. ಮೂರು ತಿಂಗಳಿಗೊಮ್ಮೆ 32,625 ಬರುತ್ತಿತ್ತು. ಐದು ವರ್ಷ ಮುಗಿಯುವ ಮೊದಲೇ, 2023ರ ಏಪ್ರಿಲ್‌ನಲ್ಲಿ, ಸರಕಾರ ಮಿತಿಯನ್ನು 30 ಲಕ್ಷ ಮಾಡಿತ್ತು. ಬಡ್ಡಿ ಮಾತ್ರ 8.2. ಹೊಸದಾಗಿ 20 ಲಕ್ಷ ಇಟ್ಟೆ, ಈಗ ಮೂರು ತಿಂಗಳಿಗೆ 41,000. ಹೆಂಡತಿಯ ಹೆಸರಿನಲ್ಲಿ ಬೇರೆ ಖಾತೆ ತೆಗೆದು 8 ಲಕ್ಷ ಇಟ್ಟೆವು, ಅವಳಿಗೆ 16,400. ಬಡ್ಡಿ ಜಾಸ್ತಿ ಸಿಗಲಿ ಅಂತ ಹೀಗೆ ಮಾಡಿದ್ದಲ್ಲ. ನಾಳೆ ನನಗೆ ಏನಾದರೂ ಆಗಿ, ಕ್ಲೇಮು, ಮರಣದ ದಾಖಲೆ ಅಂತ ಅವಳು ತಿರುಗಾಡುವ ಎರಡು ಮೂರು ತಿಂಗಳಲ್ಲಿ ಕಿರಾಣಿಗೆ ಮಗನ ಹತ್ತಿರ ಕೈ ಚಾಚಬಾರದು. ನಲವತ್ತು ವರ್ಷ ಮನೆ ನಡೆಸಿದವಳ ಹೆಸರಿನಲ್ಲಿ ಅಲ್ಲಿಯವರೆಗೆ ಒಂದು ಪಾಸ್‌ಬುಕ್ಕೂ ಇರಲಿಲ್ಲ. ನಾಚಿಕೆಯಾಗಬೇಕಾದ ಮಾತು.

ಬಡ್ಡಿ, ಪೆನ್ಶನ್, ಮೇಲಿನ ಮನೆಯ ಬಾಡಿಗೆ 8,000 ಎಲ್ಲ ಕೂಡಿದರೆ ತಿಂಗಳಿಗೆ 30,000ಕ್ಕೆ ಏಳು ರೂಪಾಯಿ ಕಡಿಮೆ. ಆ ಏಳು ರೂಪಾಯಿ ನನ್ನನ್ನು ಇನ್ನೂ ಕಾಡುತ್ತದೆ. ಬಡ್ಡಿಯ ದರ ಐದು ವರ್ಷ ಅಲ್ಲೇ ನಿಂತಿರುತ್ತದೆ, ಬೇಳೆಯ ದರ ನಿಲ್ಲೋದಿಲ್ಲ. ಮಗ ಗಂಟುಬಿದ್ದು 6 ಲಕ್ಷ ಮ್ಯೂಚುವಲ್ ಫಂಡಿಗೆ ಹಾಕಿಸಿದ್ದಾನೆ. ನಾನು ಅದನ್ನು ನೋಡೋದಿಲ್ಲ, ನೋಡಿದರೆ ನಿದ್ದೆ ಬರೋದಿಲ್ಲ.

ಇನ್ನು ವಹಿಗೆ ಬರುತ್ತೇನೆ. 6,80,000ವನ್ನು 47ರಿಂದ ಭಾಗಿಸಿದರೆ ತಿಂಗಳಿಗೆ ಹತ್ತಿರಹತ್ತಿರ 14,500. ಅವ್ವನನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ನಾನು ಕೊಡುತ್ತಿದ್ದದ್ದು 9,000. ಹೋದ ವರ್ಷ ನಮ್ಮ ಓಣಿಯಲ್ಲೇ ಒಬ್ಬರು ಅದೇ ಕೆಲಸಕ್ಕೆ 18,000 ಕೊಟ್ಟರು. ಹಾಗಾಗಿ ಲೆಕ್ಕ ಎರಡು ಪಟ್ಟು ಮಾಡಿದೆ. ತಿಂಗಳಿಗೆ 29,000, ನಾಲ್ಕು ವರ್ಷಕ್ಕೆ ಸುಮಾರು 14 ಲಕ್ಷ. ಅದಕ್ಕೆ ಗೋಕುಲ ರೋಡಿನ ಆಚೆ ಇದ್ದ ಪ್ಲಾಟು ಮಾರಿದೆ. ಎಲ್ಲರೂ ಬೈದರು. ಪ್ಲಾಟಿನ ರೇಟು ಏರುತ್ತಿದೆ, ಈಗ ಯಾಕೆ ಮಾರ್ತೀರಿ ಅಂತ. ಏರಲಿ ಬಿಡಿ, ಅವ್ವನಿಗೆ ಡೈಪರ್ ತರುವಾಗ ನನ್ನ ಹತ್ತಿರ ಪ್ಲಾಟು ಇತ್ತು, ಕೈಯಲ್ಲಿ ದುಡ್ಡು ಇರಲಿಲ್ಲ. ಪಿಎಫ್‌ನಿಂದ ತೆಗೆದೆ.

ಆ 14 ಲಕ್ಷವನ್ನು ಒಂದೇ ಎಫ್‌ಡಿ ಮಾಡಲಿಲ್ಲ. ಎರಡೆರಡು ಲಕ್ಷದ ಏಳು ಎಫ್‌ಡಿ. ಒಂದನ್ನು ನಡುವೆ ಮುರಿದರೆ ಉಳಿದ ಆರರ ಬಡ್ಡಿ ಹಾಗೇ ಇರುತ್ತದೆ. ಏಳಕ್ಕೂ ಇಬ್ಬರ ಹೆಸರು, 'ಐದರ್ ಆರ್ ಸರ್ವೈವರ್', ಅಂದರೆ ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು. ಯಾರು ಬೇಕಾದರೂ ಹೋಗಿ ತೆಗೆಯಬಹುದು ಅಂತ ತಿಳಿದಿದ್ದೆ, ಅವಧಿಗೆ ಮುಂಚೆ ಮುರಿಯಲು ಇಬ್ಬರ ಸಹಿಯೂ ಬೇಕು ಎಂದರು ಬ್ಯಾಂಕಿನವರು. ಹಾಸಿಗೆ ಹಿಡಿದವರು ಬಂದು ಸಹಿ ಹಾಕೋದು ಹೆಂಗ್ರೀ ಅಂತ ಕೇಳಿದೆ. ಆಮೇಲೆ ಗೊತ್ತಾಯಿತು, ಒಬ್ಬರೇ ಮುರಿಯಬಹುದು ಅನ್ನುವ ಒಪ್ಪಿಗೆಯನ್ನು ಎಫ್‌ಡಿ ಇಡುವಾಗಲೇ ಇಬ್ಬರೂ ಬರೆದುಕೊಡಬಹುದು. ಏಳಕ್ಕೂ ಬರೆದುಕೊಟ್ಟೆವು. ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿದರೆ 14 ಲಕ್ಷ ಸಾಲದು, ಗೊತ್ತಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಅಂತ ಕೇಳಬಹುದು. ಇದೆ. ನಾನು 52ಕ್ಕೆ ಮಾಡಿಸಿದ್ದೆ, ಬಿಟ್ಟಿಲ್ಲ. ಇಬ್ಬರಿಗೂ ಸೇರಿ ಪ್ರೀಮಿಯಂ 44,000. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದರು, 7,920 ಉಳಿಯಿತು, ಖುಷಿಯಾಯಿತು. 65 ದಾಟಿದವರಿಗೆ ಹೊಸ ಪಾಲಿಸಿ ಕೊಡೋದಿಲ್ಲ ಅನ್ನುವ ವಯಸ್ಸಿನ ಕಟ್ಟೂ 2024ರಲ್ಲಿ ಹೋಗಿದೆ. ಆದರೆ ಮೊದಲಿನಿಂದ ಇದ್ದ ರೋಗಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದು, ಅದಕ್ಕೇ ತಡಮಾಡಬೇಡಿ. ಇಷ್ಟೆಲ್ಲ ಇದ್ದರೂ, ವಹಿ ತೆಗೆದು ಒಂದೊಂದೇ ಸಾಲು ನೋಡಿದೆ. ಆ 6,80,000ದಲ್ಲಿ ನನ್ನ ಪಾಲಿಸಿ ಕೊಡುವಂಥದ್ದು ಏನೂ ಇರಲಿಲ್ಲ. ಪಾಲಿಸಿಯ ಕೆಲಸ ಆಸ್ಪತ್ರೆಯ ಬಾಗಿಲಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಅವ್ವನ ನಾಲ್ಕು ವರ್ಷ ಶುರುವಾದದ್ದೇ ಆ ಬಾಗಿಲ ಆಚೆ.

ಮನೆಯ ವಿಷಯದಲ್ಲಿ ಮಾತ್ರ ವಹಿ ಸಹಾಯ ಮಾಡಲಿಲ್ಲ, ನೆನಪು ಮಾಡಿತು. ಅವ್ವನಿಗೆ ಗಾಲಿ ಕುರ್ಚಿ ತಂದ ದಿನ ಅದು ಬಚ್ಚಲ ಬಾಗಿಲಲ್ಲಿ ಹೋಗಲಿಲ್ಲ. ಬಾಗಿಲು ಎರಡು ಫೂಟು, ಕುರ್ಚಿ ಅದಕ್ಕಿಂತ ಎರಡು ಇಂಚು ಅಗಲ. ನಾಲ್ಕು ವರ್ಷ ನಾನೂ ಹೆಂಡತಿಯೂ ಅವಳನ್ನು ಬಾಗಿಲವರೆಗೆ ತಂದು, ಅಲ್ಲಿಂದ ಎತ್ತಿ ಒಳಗೆ ಒಯ್ದೆವು. ನನ್ನ ಬೆನ್ನು ಹಿಡಿದದ್ದು ಹಾಗೆ. ಬಾಗಿಲು ಒಡೆಸಬಹುದಿತ್ತಲ್ಲ? ಇನ್ನೇನು ಹೆಚ್ಚು ದಿನ ಇಲ್ಲ, ಸುಮ್ನೆ ಯಾಕೆ ಖರ್ಚು ಅಂತ ಪ್ರತಿ ವರ್ಷ ಅಂದುಕೊಂಡೆ. ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

2019ರಲ್ಲಿ ಒಡೆಸಿದೆ. ನಾವು ಮೇಲಿನ ಮಹಡಿಯಲ್ಲಿ ಇದ್ದೆವು, ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದೆವು. ಅದನ್ನು ತಿರುವು ಮುರುವು ಮಾಡಿ ನಾವು ಕೆಳಗೆ ಬಂದೆವು. ಬಚ್ಚಲ ಬಾಗಿಲು ಮೂರು ಫೂಟು, ಹೊಸ್ತಿಲು ತೆಗೆಸಿದೆ. ಗೌಂಡಿ ಒಪ್ಪಲೇ ಇಲ್ಲ, "ಹೊಸ್ತಿಲಾ ಇಲ್ಲದ ಮನ್ಯಾಗ ಲಕ್ಷ್ಮಿ ನಿಲ್ಲಂಗಿಲ್ರೀ" ಅಂದ. ಮುಂಬಾಗಿಲ ಹೊಸ್ತಿಲು ಬಿಟ್ಟೆ, ಅಲ್ಲಿ ಒಂದು ಇಳಿಜಾರು ಮಾಡಿಸಿದೆ, ಲಕ್ಷ್ಮಿಗೂ ಗಾಲಿ ಕುರ್ಚಿಗೂ ರಾಜಿ. ಬಚ್ಚಲಲ್ಲಿ ಪಾಲಿಶ್ ಮಾಡಿದ ಗ್ರಾನೈಟ್ ಇತ್ತು, ನೀರು ಬಿದ್ದರೆ ಗಾಜು. ಅದನ್ನು ಕಿತ್ತು ಖರಖರ ಟೈಲ್ಸ್ ಹಾಕಿಸಿದೆ. ಕಮೋಡಿನ ಎರಡೂ ಬದಿಗೆ ಸ್ಟೀಲ್ ಹಿಡಿಕೆ. ಎಲ್ಲ ಸೇರಿ 74,000.

ವೃದ್ಧಾಶ್ರಮವನ್ನೂ ಬಿಡಲಿಲ್ಲ. ಧಾರವಾಡದ ಕಡೆ ಎರಡು ನೋಡಿ ಬಂದೆವು. ಸ್ವಚ್ಛ ಇದ್ದವು, ಊಟ ಚೆನ್ನಾಗಿತ್ತು, ಒಂದರಲ್ಲಿ ತೋಟವೂ ಇತ್ತು. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು, ಹಾಸಿಗೆ ಹಿಡಿದರೆ ಏನು ಮಾಡ್ತೀರಿ ಅಂತ. ಎರಡೂ ಕಡೆ ಬಂದ ಉತ್ತರ ಒಂದೇ. ಆಗ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ನಮಗೆ ಬೇಕಾಗೋದೇ ಆಗ ಅಲ್ವಾ? ನಡೆದಾಡುವವರೆಗೆ ನಮ್ಮ ಮನೆಯೇ ನಮಗೆ ಆಶ್ರಮ. ನೋಡಲು ಹೋಗುವವರು ಈ ಪ್ರಶ್ನೆಯನ್ನು ಮೊದಲು ಕೇಳಿ, ತೋಟ ಆಮೇಲೆ ನೋಡಿ.

ಹಾಗಾದರೆ ರಾತ್ರಿ ಹೊತ್ತು ಏನಾದರೂ ಆದರೆ ಯಾರು? ಇಲ್ಲಿ ನಾವು ಮಾಡಿದ್ದು ಒಂದು ಸಣ್ಣ ಕೆಲಸ, ಆದರೆ ಉಳಿದ ಎಲ್ಲಕ್ಕಿಂತ ಅದೇ ಉಪಯೋಗಕ್ಕೆ ಬಂದಿದೆ. ಮೇಲಿನ ಮನೆಗೆ 12,000 ಬಾಡಿಗೆ ಬರುತ್ತಿತ್ತು. ನಾವು 8,000ಕ್ಕೆ ಕೊಟ್ಟೆವು, ಆದರೆ ಆರಿಸಿ ಕೊಟ್ಟೆವು. ಬಾಡಿಗೆಗೆ ಬಂದದ್ದು ಗಂಡ ಹೆಂಡತಿ: ಅವಳು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಮ್ಮನ್ನು ನೋಡಿಕೊಳ್ಳಬೇಕು ಅಂತ ಕರಾರಿನಲ್ಲಿ ಬರೆಸಲಿಲ್ಲ, ಹಾಗೆ ಬರೆದರೆ ಅದು ಚಾಕರಿ ಆಗುತ್ತದೆ. ಎಲ್ಲರಂತೆ ಹನ್ನೊಂದು ತಿಂಗಳ ಕರಾರು, ಅಷ್ಟೇ. ಬಾಯಿಮಾತಿನಲ್ಲಿ ಹೇಳಿದ್ದು ಎರಡು. ಒಂದು, ರಾತ್ರಿ ಬೆಲ್ ಒತ್ತಿದರೆ ಇಳಿದು ಬನ್ನಿ. ಎರಡು, ನೀರು.

ಹುಬ್ಬಳ್ಳಿಯವರಿಗೆ ನೀರಿನ ಕಥೆ ಹೇಳಬೇಕಾಗಿಲ್ಲ. ನಮ್ಮ ಕಡೆ ಇನ್ನೂ ದಿನಾ ನೀರಿಲ್ಲ. ವಾರದಲ್ಲಿ ಒಂದು ಸಲ ಬಿಟ್ಟರೆ ಪುಣ್ಯ, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಆಗ ಎದ್ದು ನಳ ತಿರುಗಿಸಿ, ಸಂಪಿನ ಮುಚ್ಚಳ ಎತ್ತಿ, ಮೋಟಾರು ಹಾಕಿ ನಿಲ್ಲಬೇಕು. ಮುಪ್ಪಿನ ಪ್ಲ್ಯಾನು ಬರೆಯುವ ಯಾರೂ ಸಂಪಿನ ಮುಚ್ಚಳದ ಬಗ್ಗೆ ಬರೆಯೋದಿಲ್ಲ. ಬೆನ್ನು ಹಿಡಿದವನಿಗೆ ಅದು ಹಿಮಾಲಯ. ಆ ಹುಡುಗ ಏಳುತ್ತಾನೆ, ಎರಡೂ ಮನೆಗೆ ನೀರು ತುಂಬುತ್ತಾನೆ. 2023ರಲ್ಲಿ ಒಂದು ರಾತ್ರಿ ನನಗೆ ಸಕ್ಕರೆ ಕೆಳಗಿಳಿದು ಬೆವರಿ ಮಾತು ತೊದಲಿದಾಗ ಆ ಹುಡುಗಿ ಎರಡು ನಿಮಿಷದಲ್ಲಿ ಕೆಳಗಿದ್ದಳು. ಮಗ ಪುಣೆಯಿಂದ ಬರಲು ಎಂಟು ತಾಸು. ಬಾಡಿಗೆಯಲ್ಲಿ ಬಿಟ್ಟ ಆ 4,000ವನ್ನು ನಾನು ವಹಿಯಲ್ಲಿ 'ಪ್ರೀಮಿಯಂ' ಅಂತಲೇ ಬರೆಯುತ್ತೇನೆ.

ಕಾಗದ ಪತ್ರ. ನಮ್ಮ ಸೋದರಮಾವ ಇದ್ದ ಒಂದೇ ಮನೆಯನ್ನು 2011ರಲ್ಲಿ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟ. ಮನೆಯ ದಾಖಲೆಯಾದ ಸಿಟಿ ಸರ್ವೆ ಉತಾರದಲ್ಲಿ ಹೆಸರು ಬದಲಾದ ವರ್ಷವೇ ಮಾವನ ಮಂಚ ಪಡಸಾಲೆಗೆ ಬಂತು, ಆಮೇಲೆ ಹಿತ್ತಲಿಗೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹೀಗೆ ಕೊಟ್ಟದ್ದನ್ನು ರದ್ದು ಮಾಡಿಸಲು ದಾರಿ ಕೊಡುತ್ತದೆ, ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿರಬೇಕು, ಅದು ಪತ್ರದಲ್ಲೇ ಬರೆದಿದ್ದರೆ ಗಟ್ಟಿ. ಮಾವನ ಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಅಂತಷ್ಟೇ ಇತ್ತು. ಇದ್ದಿದ್ದರೂ ಅವನು ಹೋಗುತ್ತಿರಲಿಲ್ಲ, "ಹೊಟ್ಟ್ಯಾಗ ಹುಟ್ಟಿದವನ ಮ್ಯಾಲೆ ಅರ್ಜಿ ಹಾಕಲೇನು" ಅಂದುಬಿಟ್ಟ.

ನಾನು ದಾನಪತ್ರ ಮಾಡಲಿಲ್ಲ, ಮೃತ್ಯುಪತ್ರ ಮಾಡಿದೆ. ಅದನ್ನು ಇರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ರಿಜಿಸ್ಟರ್ ಮಾಡಲೇಬೇಕು ಅಂತ ಇಲ್ಲ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದೆ, ಡಾಕ್ಟರಿಂದ ಬುದ್ಧಿ ಸರಿಯಾಗಿದೆ ಅಂತ ಒಂದು ಚೀಟಿ ಬರೆಸಿ ಜೊತೆಗಿಟ್ಟೆ. ನನ್ನ ನಂತರ ಮನೆ ಪೂರ್ತಿ ಹೆಂಡತಿಗೆ. ಅವಳ ನಂತರದ್ದು ಅವಳು ಬರೆಯಲಿ. ಇನ್ನೊಂದು ಮಾತು, ನಾಮಿನಿ ಹಾಕಿದರೆ ಮುಗಿಯಿತು ಅಂತ ಅಕೌಂಟೆಂಟ್ ಆದ ನಾನೇ ತಿಳಿದಿದ್ದೆ. ನಾಮಿನಿಗೆ ಬ್ಯಾಂಕು ದುಡ್ಡು ಕೊಡುತ್ತದೆ, ಆದರೆ ಅದರ ಹಕ್ಕು ವಾರಸುದಾರರದ್ದು. ವಕೀಲರು ಹೇಳಿದಾಗ ನನ್ನ ಮುಖ ನೋಡಬೇಕಿತ್ತು.

ಮಕ್ಕಳಿಗೆ ಹೇಳಿದ್ದು ನಾಗರ ಪಂಚಮಿಗೆ. ಮಗಳು ಹೇಗೂ ಬರುತ್ತಾಳೆ, ಮಗನಿಗೂ ರಜೆ ಹಾಕಿಸಿ ಕರೆಸಿದೆವು. ಶೇಂಗಾ ಉಂಡಿ ತಿನ್ನುತ್ತಾ ಕುಳಿತಾಗ ಫೈಲು ತಂದಿಟ್ಟೆ. ಮಗಳು ಅತ್ತಳು. ಮಗನಿಗೆ ಸಿಟ್ಟು, "ನಮ್ಮ ಮ್ಯಾಲೆ ನಂಬಿಕಿ ಇಲ್ಲೇನಪ್ಪಾ?" ಅಂದ. ನಾನು ಏನೂ ಹೇಳಲಿಲ್ಲ, ಅಜ್ಜಿಯ ವಹಿ ಕೈಗೆ ಕೊಟ್ಟೆ. ಅವನು ಹಿತ್ತಲಲ್ಲಿ ಕುಳಿತು ಒಂದು ತಾಸು ಓದಿದ. ಬಂದು ಕೇಳಿದ್ದು ಡೈಪರ್ ಬದಲಿಸುತ್ತಿದ್ದವರು ಯಾರು ಅಂತ. ಹಗಲು ಆ ಹೆಣ್ಣುಮಗಳು, ರಾತ್ರಿ ನಿಮ್ಮವ್ವ ಅಂದೆ. ವಹಿಯಲ್ಲಿ ನಿಮ್ಮವ್ವನ ಪಗಾರ ಬರೆದಿಲ್ಲ ನೋಡು.

2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಘನತೆಯ ಸಾವಿನ ಬಗ್ಗೆ ಆದೇಶ ಹೊರಡಿಸಿತು. ಅದನ್ನು ಓದಿ ನನ್ನದೂ ಒಂದು ಕಾಗದ ಮಾಡಿದೆ, ಗುಣವಾಗುವ ಆಸೆ ಇಲ್ಲದಾಗ ಬರೀ ಮಶಿನ್ ಮೇಲೆ ಇಡಬೇಡಿ ಅಂತ. ಇಬ್ಬರು ಸಾಕ್ಷಿ, ನೋಟರಿ, ನನ್ನ ಪರವಾಗಿ ಮಾತಾಡಲು ಮಗಳು ಮತ್ತು ಮಗ. ಹೆಂಡತಿ ತನ್ನದಕ್ಕೆ ಸಹಿ ಮಾಡಿಲ್ಲ. ಸಂಜೆ ಹೊತ್ತು ಅದರ ಮಾತೆತ್ತಿದರೆ ಎದ್ದು ದೀಪ ಹಚ್ಚಲು ಹೋಗುತ್ತಾಳೆ.

ಇಷ್ಟೆಲ್ಲ ಸರಿಮಾಡಿ ಕುಳಿತಿದ್ದರೆ ಹೋದ ವಾರ ಮೇಲಿನವರು ಪೇಡೆ ತಂದುಕೊಟ್ಟರು. ನವನಗರದಲ್ಲಿ ಸ್ವಂತ ಮನೆ ಕಟ್ಟುತ್ತಿದ್ದಾರೆ, ಯುಗಾದಿ ಕಳೆದ ಮೇಲೆ ಹೋಗುತ್ತಾರಂತೆ. ಒಳ್ಳೆಯದಾಗಲಿ. ಬಾಡಿಗೆಗೆ ಇದೆ ಅಂತ ಸುದ್ದಿ ಬಿಟ್ಟ ಎರಡೇ ದಿನಕ್ಕೆ ಒಬ್ಬರು ಆಫೀಸರ್ ಬಂದು 14,000 ಕೊಡುತ್ತೇನೆ, ಅಡ್ವಾನ್ಸ್ ಈಗಲೇ ತಗೊಳ್ಳಿ ಅಂದರು. ನನ್ನೊಳಗಿನ ಅಕೌಂಟೆಂಟ್ ಒಂದು ಕ್ಷಣ ಎದ್ದು ಕುಳಿತ. ಹೆಂಡತಿ ಚಹಾದ ಕಪ್ಪು ಅವರ ಮುಂದಿಟ್ಟು ಕೇಳಿದಳು, "ರಾತ್ರಿ ಎರಡಕ್ಕ ನೀರು ಬಿಟ್ರ ಏಳ್ತೀರೇನ್ರೀ?"