ಸಭೆಯ ಪದ್ಧತಿಗಳನ್ನು ವಾಕ್ಯದ ಜರಡಿಗೆ ಹಾಕಿದ ಬಗೆ: ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಯ ಪದ್ಧತಿಗಳನ್ನು ಒಂದೊಂದಾಗಿ ಬೈಬಲ್ ವಾಕ್ಯಕ್ಕೆ ಹಿಡಿದು ನೋಡಲು ಹೊರಟಾಗ "ಇದಕ್ಕೆ ಕೈ ಹಾಕಿದರೆ ಸಭೆ ಎರಡಾಗುತ್ತದೆ" ಎಂದವರೇ ಹೆಚ್ಚು. ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು, ಸಭೆ ಒಡೆಯಲಿಲ್ಲ. ಸತ್ತವರ ನಲವತ್ತನೆಯ ದಿನದ ಊಟಕ್ಕೆ ಸಾಲ ಎತ್ತುವುದು ಮಾತ್ರ ನಿಂತಿದೆ. ಬೈಬಲ್ ಅಧ್ಯಯನ ನಡೆಸುವವರಿಗೆ ಬೇಕಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಹಿರಿಯರ ಸಂಪ್ರದಾಯಕ್ಕಾಗಿ ದೇವರ ಆಜ್ಞೆಯನ್ನು ಬಿಟ್ಟಿರೆಂದು ಯೇಸು ಗದರಿದ ಮಾರ್ಕ 7ನೇ ಅಧ್ಯಾಯವನ್ನು ಭಾನುವಾರದ ಪ್ರಸಂಗ ಮಾಡಬೇಡಿ. "ಹಿರಿಯರ ಸಂಪ್ರದಾಯ" ಎಂಬ ಮಾತು ವೇದಿಕೆಯಿಂದ ಬಂದರೆ ಮುಂದಿನ ಬೆಂಚಿನ ಹಿರಿಯರು ತಮಗೇ ಅಂದರೆಂದು ತಿಳಿಯುತ್ತಾರೆ. ಶಿಶು ದೀಕ್ಷಾಸ್ನಾನದಿಂದಲೂ ಶುರು ಮಾಡಬೇಡಿ. ಅದು ಐನೂರು ವರ್ಷದ ವಾದ, ನಮ್ಮ ಮೂರು ವಾರ ಅದಕ್ಕೇ ಹೋಯಿತು. ವಾಟ್ಸಾಪ್‌ನಲ್ಲಿ ಬಿಡಿ ವಚನ ಹಾಕಿದ್ದು ಇನ್ನೂ ದೊಡ್ಡ ತಪ್ಪು: ಒಂದು ವಚನಕ್ಕೆ ಎದುರಾಗಿ ಹತ್ತು ವಚನ ಬಂದವು, ಯಾರೂ ಅಧ್ಯಾಯ ತೆರೆಯಲಿಲ್ಲ.

ಕೈಹಿಡಿದದ್ದು ಒಂದು ಉದ್ದ ನೋಟ್‌ಬುಕ್. ಪುಟಕ್ಕೆ ನಾಲ್ಕು ಕಾಲಂ: ಪದ್ಧತಿ, ಅದಕ್ಕೆ ಜನ ಕೊಡುವ ವಚನ, ತಗಲುವ ಹಣ, ಅದರಿಂದ ತಡೆಯಾಗುವ ಆಜ್ಞೆ. ಸುಮಾರು 60 ಸಾಲು ತುಂಬಿದವು. ಎಲ್ಲರೂ "ಇದು ಬೈಬಲಿನಲ್ಲಿದೆಯೇ?" ಎಂಬ ಎರಡನೇ ಕಾಲಂನಲ್ಲೇ ನಿಲ್ಲುತ್ತಾರೆ. ಮಾರ್ಕ 7ರಲ್ಲಿ ಯೇಸು ಪರಿಸಾಯರನ್ನು, ಅಂದರೆ ಹಿರಿಯರ ಸಂಪ್ರದಾಯ ಪಾಲಿಸುವ ಯೆಹೂದ್ಯ ಪಂಗಡದವರನ್ನು, ಹಿಡಿದದ್ದು ನಾಲ್ಕನೆಯದರಲ್ಲಿ. ಆಸ್ತಿಯನ್ನು ಕೊರ್ಬಾನ್, ದೇವರಿಗೆ ಮುಡಿಪು, ಎಂದುಬಿಟ್ಟರೆ ತಂದೆತಾಯಿಗೆ ಕೊಡುವಂತಿರಲಿಲ್ಲ. ಹರಕೆ ತಪ್ಪಲ್ಲ, ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ. ಆ ಹರಕೆ ತಂದೆತಾಯಿಯನ್ನು ಸನ್ಮಾನಿಸು ಎಂಬ ವಿಮೋಚನಕಾಂಡ 20:12ನ್ನು ಕೊಂದಿತು, ತಪ್ಪು ಅಲ್ಲಿದೆ. ಯೆಹೂದ್ಯ ಗುರುಗಳಿಗೂ ಇದು ಕಾಣದೆ ಇರಲಿಲ್ಲ: ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಅವರ ನಿಯಮಗಳ ಗ್ರಂಥ ಮಿಷ್ನಾದಲ್ಲಿ, ತಂದೆತಾಯಿಯ ಗೌರವದ ಕಾರಣ ತೋರಿಸಿ ಇಂಥ ಹರಕೆ ಬಿಡಿಸಲು ದಾರಿ ಇದೆ.

ನಮ್ಮ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ. ಪದ್ಧತಿ: ಕಟ್ಟಡ ನಿಧಿಗೆ ಬರೆದುಕೊಟ್ಟ ವಾಗ್ದಾನ, ಗೋಡೆಯ ಕಲ್ಲಿನಲ್ಲಿ ಹೆಸರು. ಹಣ: 25 ಸಾವಿರ, ಕಂತಿನಲ್ಲಿ. ನಾಲ್ಕನೇ ಕಾಲಂ: ವಾಗ್ದಾನ ಕೊಟ್ಟವರ ತಾಯಿಯ ಬಿಪಿ ಮಾತ್ರೆ ತಿಂಗಳಲ್ಲಿ ಹದಿನೈದು ದಿನ ಮಾತ್ರ. ಇದಕ್ಕೆ ವ್ಯಾಖ್ಯಾನ ಬೇಕಾಗಲಿಲ್ಲ, ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆ ಬಿಟ್ಟವನು ಎನ್ನುವ 1 ತಿಮೊಥೆ 5:8 ಓದಿದ್ದೇ ಸಾಕಾಯಿತು. ಆ ಕಂತನ್ನು ನಿಲ್ಲಿಸಲು ಸಭಾ ಮಂಡಳಿಯೇ ಒಪ್ಪಿತು. ಇದು ಆಗುವುದೇ ಇಲ್ಲ ಎಂದಿದ್ದರು!

ನಲವತ್ತನೆಯ ದಿನಕ್ಕೆ ಎರಡು ವಚನ ಬಂದೇ ಬರುತ್ತವೆ, ಸಿದ್ಧವಾಗಿರಿ. ಆದಿಕಾಂಡ 50:3ರ ನಲವತ್ತು ದಿನ ಐಗುಪ್ತದವರು (ಈಜಿಪ್ಟಿನವರು) ಯಾಕೋಬನ ಶವಕ್ಕೆ ಸುಗಂಧದ್ರವ್ಯ ತುಂಬಲು ಹಿಡಿದ ಕಾಲ. ಅಪೊಸ್ತಲರ ಕೃತ್ಯಗಳು 1:3ರಲ್ಲಿರುವುದು ಸತ್ತು ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಂಡ ದಿನಗಳು. ಮೋಶೆಗಾಗಿ ಅತ್ತದ್ದು ಮೂವತ್ತು ದಿನ. ಆಜ್ಞೆ ಎಲ್ಲೂ ಇಲ್ಲ, ನಿಷೇಧವೂ ಇಲ್ಲ. ಹಾಗಾಗಿ ಪ್ರಾರ್ಥನೆಯನ್ನು ಮುಟ್ಟಲಿಲ್ಲ. ಊಟದ ಲೆಕ್ಕ ಮಾತ್ರ ತೆಗೆದೆವು: 150 ಜನಕ್ಕೆ ಶಾಮಿಯಾನ ಸೇರಿ ಮೂವತ್ತೈದು-ನಲವತ್ತು ಸಾವಿರ, ಹೆಚ್ಚಿನ ಮನೆಗಳಲ್ಲಿ ಬಡ್ಡಿ ಸಾಲ, ತೀರಿಸುವವಳು ವಿಧವೆ. ಪಕ್ಕದಲ್ಲಿ ಮಾರ್ಕ 12:40 ಬರೆದೆವು, ವಿಧವೆಯರ ಮನೆ ನುಂಗುವವರ ಮಾತು. ಈಗ ಚಹಾ, ಬನ್ನು. ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ, ಅದೂ ಸಭೆಯ ಖರ್ಚು. ಇದನ್ನು ಮೊದಲು ಒಪ್ಪಿಕೊಂಡ ಮನೆ ಸಭೆಯ ಅತಿ ಹಿರಿಯರದ್ದು. ಅವರನ್ನು ಒಪ್ಪಿಸಿದ ಬಗೆ ನನ್ನಲ್ಲೇ ಇರಲಿ, ಹೇಳಿಕೊಂಡು ತಿರುಗಿದರೆ ಅದು ಕೆಲಸ ಮಾಡುವುದಿಲ್ಲ.

ಇದಲ್ಲದೆ ಎರಡು ಪ್ರಯೋಗ ಮಾಡಿದೆವು. ಒಂದು, ನೋಟ್‌ಬುಕ್ ಹಿಡಿದ ಮೊದಲ ವಾರವೇ ಕ್ರಿಸ್‌ಮಸ್ ನಾಟಕ ತೆಗೆದುಕೊಂಡು "ಮೂಡಣದಿಂದ ಬಂದ ಜೋಯಿಸರು ಎಷ್ಟು ಜನ?" ಎಂದು ಕೇಳಿದ್ದು. ಎಲ್ಲರೂ ಮೂರು ಎಂದರು, ಮತ್ತಾಯ 2ರಲ್ಲಿ ಸಂಖ್ಯೆಯೇ ಇಲ್ಲ. ಯಾರಿಗೂ ನೋವಾಗದ ಪ್ರಶ್ನೆ, ಆದರೆ ಅಂದಿನಿಂದ ಪುಟ ತಿರುವಿ ನೋಡುವ ಅಭ್ಯಾಸ ಬಂತು.

ಇನ್ನೊಂದು, ಸಂಪ್ರದಾಯ ಎಂಬರ್ಥದ "ಪಾರಾದೋಸಿಸ್" ಎಂಬ ಗ್ರೀಕ್ ಪದದ ಬೆನ್ನು ಹತ್ತಿದ್ದು. ಕನ್ನಡದಲ್ಲಿ ಹುಡುಕಿದರೆ ಪೂರ್ತಿ ಸಿಗುವುದಿಲ್ಲ, ಎಲ್ಲ ಕಡೆ ಒಂದೇ ಮಾತಿನಲ್ಲಿ ಅನುವಾದವಾಗಿಲ್ಲ. ಬೈಬಲಿನ ಮೂಲ ಪದಗಳಿಗೆ ಕೊಟ್ಟಿರುವ ಸ್ಟ್ರಾಂಗ್ ಸಂಖ್ಯೆಗಳಲ್ಲಿ 3862 ಹಿಡಿದು ಹೋಗಬೇಕು. ಹೊಸ ಒಡಂಬಡಿಕೆಯಲ್ಲಿ 13 ಕಡೆ ಇದೆ. ಅವುಗಳಲ್ಲಿ ಮೂರು, 1 ಕೊರಿಂಥ 11:2, 2 ಥೆಸಲೋನಿಕ 2:15 ಮತ್ತು 3:6, ಹಿಡಿದುಕೊಂಡು ನಡೆಯಬೇಕಾದ ಸಂಪ್ರದಾಯದ ಮಾತು. ಈ ಮೂರನ್ನು ಮುಚ್ಚಿಟ್ಟು ಪಾಠ ಮಾಡಬೇಡಿ. ಯಾರಾದರೂ ಮನೆಯಲ್ಲಿ ಓದಿಕೊಂಡು ಬಂದರೆ ನಿಮ್ಮ ನೋಟ್‌ಬುಕ್ ಪೂರಾ ಸುಳ್ಳೆನಿಸುತ್ತದೆ. ಅಪೊಸ್ತಲರು ಒಪ್ಪಿಸಿದ್ದು ಬೇರೆ, ಅದರ ಮೇಲೆ ನಾವು ಕಟ್ಟಿದ್ದು ಬೇರೆ ಎಂದು ನೇರವಾಗಿ ಹೇಳಿ.

ನಮಗಾದ ಖರ್ಚು ಜೆರಾಕ್ಸ್, ಚಹಾ ಸೇರಿ ನಾಲ್ಕು ಸಾವಿರ ಇರಬಹುದು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನಲ್ಲಿ ಮದುವೆ ಇಲ್ಲವೆಂಬ ಸಾಲಿಗೆ, ಹಬ್ಬ-ದಿನಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎನ್ನುವ ಕೊಲೊಸ್ಸೆ 2:16 ಬರೆದಿದ್ದೇವೆ, ಮಂಡಳಿ ಇನ್ನೂ ಒಪ್ಪಿಲ್ಲ. ಚಂದಾ ಬಾಕಿ ಇದ್ದರೆ ಸಮಾಧಿಗೆ ಜಾಗ ಇಲ್ಲವೆಂಬ ನಿಯಮದ ಸಾಲಿನಲ್ಲಿ ಎರಡನೇ ಕಾಲಂ ಖಾಲಿ ಇದೆ. ಮುಂದಿನ ತಿಂಗಳು ಅದನ್ನೇ ತೆರೆಯುತ್ತೇವೆ.