ಗುಂಡ ನನ್ನ ಬೆರಳು ಹಿಡಿದ ದಿನ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದೇ. ನನ್ನ ಸಾಕು ಹಾವು ಗುಂಡನಿಗೆ ಫ್ರೀಜರ್‌ನಲ್ಲಿಟ್ಟ ಇಲಿಮರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡುವುದು ನನ್ನ ರೂಢಿ. ಅವತ್ತು ಇಕ್ಕಳ ಸಿಗಲಿಲ್ಲ, ಆಫೀಸಿನ ಮೀಟಿಂಗ್‌ಗೆ ಐದೇ ನಿಮಿಷ ಇತ್ತು, ಇರಲಿ ಅಂತ ಬಾಲ ಹಿಡಿದು ಕೈಯಲ್ಲೇ ಕೊಟ್ಟೆ. ಗುಂಡ ಇಲಿಮರಿಯನ್ನು ಬಿಟ್ಟು ನನ್ನ ಉಂಗುರದ ಬೆರಳು ಹಿಡಿದ.

ಗುಂಡ ಅಂದರೆ ವೆಸ್ಟರ್ನ್ ಹಾಗ್‌ನೋಸ್. ನಾವಿರುವ ಟೆಕ್ಸಾಸ್ ಕಡೆಯ ಬಯಲಲ್ಲೂ ಸಿಗುವ ಜಾತಿ. ಹಂದಿಯ ಹಾಗೆ ಮೇಲಕ್ಕೆ ತಿರುಗಿದ ಮೂತಿ, ಮಣ್ಣು ತೋಡಲಿಕ್ಕೆ. ಹೆದರಿಸಿದರೆ ಕತ್ತು ಅಗಲ ಮಾಡಿ ಬುಸ್ ಅನ್ನುತ್ತದೆ, ಜಾಸ್ತಿ ಕಾಡಿದರೆ ಅಂಗಾತ ಬಿದ್ದು ನಾಲಿಗೆ ಹೊರಹಾಕಿ ಸತ್ತಂತೆ ನಾಟಕ ಆಡುತ್ತದೆ. ಮಾರಿದವರು "ಇದಕ್ಕೆ ವಿಷ ಇಲ್ಲ, ಮಕ್ಕಳಿಗೆ ಹೇಳಿ ಮಾಡಿಸಿದ ಹಾವು" ಅಂದಿದ್ದರು. ನಾನೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ.

ಕಚ್ಚಿದಾಗ ನೋವು ಅಷ್ಟೇನಿಲ್ಲ. ಅದೇ ಮೋಸ. ನಾನು ನಗುತ್ತಾ ಫೋಟೋ ತೆಗೆಯುತ್ತಿದ್ದೆ, ಅವನು ಮಾತ್ರ ಬೆರಳನ್ನು ಎಡದವಡೆಯಲ್ಲಿ ಒಮ್ಮೆ, ಬಲದವಡೆಯಲ್ಲಿ ಒಮ್ಮೆ ಹಿಂದಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತಾ ನಿಧಾನವಾಗಿ ಅಗಿಯುತ್ತಿದ್ದ. ಮೂರು ನಾಲ್ಕು ನಿಮಿಷ ಆಗಿರಬೇಕು. ಕೊನೆಗೆ ನಲ್ಲಿಯ ತಣ್ಣೀರಿಗೆ ಹಿಡಿದಾಗ ಬಿಟ್ಟ.

ಒಂದು ಗಂಟೆಯೊಳಗೆ ಬೆರಳು ಬೆಂಡೆಕಾಯಿಯಿಂದ ಬದನೆಕಾಯಿ ಆಯಿತು. ಮದುವೆ ಉಂಗುರ ಚರ್ಮದೊಳಗೆ ಹೂತುಹೋದಂತೆ ಕಾಣುತ್ತಿತ್ತು. ಸೋಪು ಹಾಕಿದೆ, ಆಗಲಿಲ್ಲ. ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ, ಹೂವು ಕಟ್ಟುವ ದಾರ ಸುತ್ತಿ, ನನ್ನ ಬೈಗುಳ ಕೇಳಿಕೊಂಡೇ ಇಷ್ಟಿಷ್ಟೇ ತಿರುಗಿಸಿ ತೆಗೆದಳು. ಬೆಳಗ್ಗೆ ಊತ ಮಣಿಕಟ್ಟಿಗೆ ಬಂದಿತ್ತು, ಬೆರಳಿನ ಸುತ್ತ ನೀಲಿ ಬಣ್ಣ, ಒಂದು ನೀರುಗುಳ್ಳೆ ಬೇರೆ. ಇಲ್ಲಿನ ವಿಷ ಸಹಾಯವಾಣಿ 1-800-222-1222ಕ್ಕೆ ಫೋನ್ ಮಾಡಿದೆ. ಕುಯ್ಯಬೇಡಿ, ಕಟ್ಟಬೇಡಿ, ಐಸ್ ಇಡಬೇಡಿ, ಊತ ಎಲ್ಲಿಯವರೆಗೆ ಬಂದಿದೆ ಅಂತ ಪೆನ್ನಲ್ಲಿ ಗೆರೆ ಹಾಕಿ ಸಮಯ ಬರೆಯಿರಿ, ಉಸಿರಾಟಕ್ಕೆ ತೊಂದರೆ ಅನ್ನಿಸಿದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂದರು. ಕೈ ಮಾಮೂಲಿಗೆ ಬರಲು ಹನ್ನೆರಡು ದಿನ ಬೇಕಾಯಿತು.

ತೀರ್ಥಹಳ್ಳಿಯಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೈ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ವಿಷ ಇಲ್ಲ ಅಂದಿದ್ದೆಯಲ್ಲೋ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಊರಲ್ಲಿ ನಮಗೆ ಹಾವು ಅಂದರೆ ಎರಡೇ ಜಾತಿ, ವಿಷದ್ದು ಮತ್ತು ವಿಷ ಇಲ್ಲದ್ದು. ನಾಗರ, ಕೊಳಕುಮಂಡಲ ಆ ಕಡೆ. ಕೇರೆ, ನೀರುಹಾವು ಈ ಕಡೆ. ಹಸಿರು ಹಾವನ್ನು ಯಾವ ಕಡೆ ಹಾಕುವುದು ಅಂತ ಯಾರಿಗೂ ಗೊತ್ತಿಲ್ಲದೆ "ಕಣ್ಣು ಕುಕ್ಕುತ್ತದೆ" ಅಂತ ಕಥೆ ಕಟ್ಟಿದ್ದರು. ನಿಜವಾಗಿ ಅದಕ್ಕೆ ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲಿದೆ, ವಿಷ ಸೌಮ್ಯ. ಗುಂಡನೂ ಹೆಚ್ಚುಕಮ್ಮಿ ಅದೇ ನಡುವಿನ ಜಾಗದವನು.

ಕೊಳಕುಮಂಡಲದ ವಿಷಚೀಲವನ್ನು ಸ್ನಾಯು ಹಿಂಡುತ್ತದೆ, ಟೊಳ್ಳು ಹಲ್ಲು ಸಿರಿಂಜಿನ ಹಾಗೆ ಒಳಗೆ ಬಿಡುತ್ತದೆ, ಕ್ಷಣದ ಕೆಲಸ. ಹಾಗ್‌ನೋಸ್‌ಗೆ ಇರುವುದು ಕಣ್ಣಿನ ಹಿಂದೆ ಡುವರ್ನಾಯ್ ಗ್ರಂಥಿ. ಹಿಂಡುವ ವ್ಯವಸ್ಥೆ ಇಲ್ಲ, ಹಿಂದಿನ ಹಲ್ಲು ದೊಡ್ಡದು, ಆದರೆ ಟೊಳ್ಳೂ ಇಲ್ಲ, ಗೀರೂ ಇಲ್ಲ. ರಸ ಸುಮ್ನೆ ಜಿನುಗುತ್ತದೆ, ಅಗಿದಷ್ಟೂ ಗಾಯದೊಳಗೆ ಇಳಿಯುತ್ತದೆ. ಅಂದರೆ ನಾನು ಫೋಟೋ ತೆಗೆಯುತ್ತಾ ಕಳೆದ ನಿಮಿಷಗಳೇ ನನ್ನ ಡೋಸ್. ಹೆದರಿಸಲು ಕಚ್ಚಿ ತಕ್ಷಣ ಬಿಟ್ಟರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಊಟ ಅಂದುಕೊಂಡು ಕಚ್ಚಿದ್ದೇ ಕಷ್ಟ.

ಹಾಗಾದರೆ ಎಲ್ಲ ಸಾಕು ಹಾವನ್ನೂ ವಿಷದ್ದು ಅನ್ನಬೇಕಾ? 2003ರಲ್ಲಿ ವಿಷದ ಸಂಶೋಧಕ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಏಷ್ಯಾದ ರೇಡಿಯೇಟೆಡ್ ರ‍್ಯಾಟ್ ಸ್ನೇಕ್‌ನಲ್ಲಿ ನಾಗರದ ವಿಷದ ಗುಂಪಿಗೆ ಸೇರಿದ ಪ್ರೋಟೀನ್ ಕಂಡರು. ಅದು ಜನ ಆರಾಮಾಗಿ ಸಾಕುವ ಹಾವು! ವಿಷ ಬಹಳ ಹಳೆಯ ಆಸ್ತಿ, ಹೆಚ್ಚಿನ ಹಾವುಗಳಿಗೆ ಪಾಲು ಬಂದಿದೆ ಅನ್ನುವುದು ಅವರ ವಾದ. 2014ರಲ್ಲಿ ಬೇರೆ ತಂಡದವರು, ಇವುಗಳಲ್ಲಿ ಎಷ್ಟೋ ಪ್ರೋಟೀನ್ ದೇಹದ ಬೇರೆ ಭಾಗದಲ್ಲೂ ಇವೆ, ಬಾಯಲ್ಲಿ ಸಿಕ್ಕ ಮಾತ್ರಕ್ಕೆ ವಿಷ ಆಗುವುದಿಲ್ಲ ಅಂದರು. ನನಗೆ ಎರಡನೆಯವರ ಮಾತು ಹೆಚ್ಚು ಹಿಡಿಸಿತು. ನಮ್ಮನೆಯ ಇನ್ನೊಂದು ಹಾವು ಕಾರ್ನ್ ಸ್ನೇಕ್ ಮೂರು ಸಲ ಕಚ್ಚಿದೆ, ಗುಂಡುಸೂಜಿ ಚುಚ್ಚಿದಷ್ಟು ರಕ್ತ, ಅಷ್ಟೇ. ಅದನ್ನೂ ನಾಗರದ ಸಾಲಿಗೆ ಸೇರಿಸಿದರೆ "ವಿಷ" ಅನ್ನುವ ಮಾತಿಗೇ ಬೆಲೆ ಇರಲ್ಲ, ಅಲ್ವಾ?

ಆದರೆ ಇನ್ನೊಂದು ತುದಿಯೂ ಇದೆ. ಕೆಂಪು ಕತ್ತಿನ ಕೀಲ್‌ಬ್ಯಾಕ್ ಅನ್ನು ಒಂದು ಕಾಲದಲ್ಲಿ ನಿರಪಾಯದ ಹಾವು ಅಂತಲೇ ಮಾರುತ್ತಿದ್ದರು, ಆಮೇಲೆ ಕಚ್ಚಿಸಿಕೊಂಡವರ ರಕ್ತ ಹೆಪ್ಪುಗಟ್ಟದೆ ಆಸ್ಪತ್ರೆ ಸೇರಿದರು. 1957ರಲ್ಲಿ ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಕಾರ್ಲ್ ಶ್ಮಿಟ್, ಹಾವಿನ ವಿಷಯದಲ್ಲಿ ದೊಡ್ಡ ಹೆಸರು, ಯಾವ ಜಾತಿ ಅಂತ ನೋಡಲು ತಂದ ಬೂಮ್‌ಸ್ಲ್ಯಾಂಗ್ ಮರಿಯಿಂದ ಕಚ್ಚಿಸಿಕೊಂಡರು. ಅದೂ ಹಿಂದಿನ ಹಲ್ಲಿನ ಹಾವೇ. ಏನೇನಾಗುತ್ತಿದೆ ಅಂತ ತಾವೇ ಬರೆದಿಡುತ್ತಾ ಹೋದರು. ಮರುದಿನ ತೀರಿಕೊಂಡರು.

ಗುಂಡ ಯಾರನ್ನೂ ಕೊಲ್ಲುವವನಲ್ಲ. ಆದರೂ ಈಗ ಯಾರಾದರೂ ಕೇಳಿದರೆ "ಸ್ವಲ್ಪ ವಿಷ ಇದೆ" ಅಂತಲೇ ಹೇಳುತ್ತೇನೆ. ಊಟದ ದಿನ ಉಂಗುರ, ವಾಚು ತೆಗೆದಿಡುತ್ತೇನೆ. ಇಲಿ ಮುಟ್ಟಿದ ಕೈ ತೊಳೆಯದೆ ಟ್ಯಾಂಕಿಗೆ ಹಾಕುವುದಿಲ್ಲ, ಆ ವಾಸನೆಗೇ ಅವನು ಬರುವುದು. ಇಕ್ಕಳ ಎರಡಿವೆ, ಒಂದನ್ನು ಟ್ಯಾಂಕಿಗೇ ದಾರದಲ್ಲಿ ಕಟ್ಟಿದ್ದೇನೆ. ಎತ್ತಿಕೊಳ್ಳುವ ಮೊದಲು ಕೊಕ್ಕೆಯಲ್ಲಿ ಮೆಲ್ಲಗೆ ಬೆನ್ನು ತಟ್ಟುತ್ತೇನೆ, ಇದು ಊಟ ಅಲ್ಲ ಅಂತ ಗೊತ್ತಾಗಲಿ ಅಂತ. ಪಕ್ಕದಲ್ಲೇ ಮೌತ್‌ವಾಶ್ ಬಾಟಲಿ ಇದೆ. ಮತ್ತೆ ಹಿಡಿದರೆ ಎಳೆಯುವುದಿಲ್ಲ, ಎಳೆದರೆ ಅವನ ಹಲ್ಲು ಮುರಿಯುತ್ತದೆ, ನನ್ನ ಚರ್ಮ ಹರಿಯುತ್ತದೆ, ತಾನಾಗಿ ಬಿಡಲಿ ಅಂತ ಅವನ ಬಾಯಂಚಿಗೆ ಅದರ ಎರಡು ಹನಿ ಹಾಕುತ್ತೇನೆ. ಮಗಳಿಗೆ ಏಳು ವರ್ಷ, ಊಟದ ಹೊತ್ತಲ್ಲಿ ಅವಳು ಸೋಫಾದ ಮೇಲಿಂದಲೇ ನೋಡಬೇಕು.

ಟ್ಯಾಂಕಿನ ಮೇಲೆ ಅವಳೇ ಒಂದು ಚೀಟಿ ಅಂಟಿಸಿದ್ದಾಳೆ: "ಗುಂಡ. ಅಪ್ಪನನ್ನು ತಿನ್ನಲು ನೋಡಿದ್ದಾನೆ." ಈ ವಾರ ಪೊರೆ ಬಿಡುವ ಸಮಯ, ಕಣ್ಣು ಮಂಜಾಗಿದೆ, ಇಲಿಮರಿಯೂ ಬೇಡವಂತೆ.