ಘಾಟಿ ಹತ್ತದ ಕಾರು ಮತ್ತು ಎರಡನೇ ಪ್ಲಗ್

ಹೆಬ್ರಿಯಲ್ಲಿ ಮದುವೆ ಊಟ ಮುಗಿಸಿ ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ದಾಟಿದ್ದೆವೋ ಇಲ್ಲವೋ, ಕಾರು ಎಳೆಯುವುದನ್ನೇ ಬಿಟ್ಟಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಇಂಜಿನ್ ಮಿಸ್ಸಿಂಗ್ ಹೊಡೆಯಿತು, ಇಡೀ ಬಾಡಿ ನಡುಗಿತು. ಮೊದಲನೇ ಗೇರಿಗೆ ಹಾಕಿ ಹೇಗೋ ಮೇಲೆ ಹತ್ತಿಸಿದೆ. ಆಗುಂಬೆ ದಾಟಿ ಸಮತಟ್ಟು ರಸ್ತೆ ಸಿಕ್ಕಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡಿತು. ಹಿಂದಿನ ಸೀಟಿನಲ್ಲಿದ್ದ ಅಪ್ಪಯ್ಯ ಒಂದೇ ಮಾತು ಹೇಳಿದರು: "ಪ್ಲಗ್ ನೋಡು ಮಾರಾಯ, ಎಷ್ಟು ವರ್ಷ ಆಯ್ತು ಬಿಚ್ಚಿ?"

ನನ್ನದು 1998ರ ಮಾರುತಿ 800. ಕಾರ್ಬೊರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ಒಂದೊಂದು ಸಿಲಿಂಡರಿಗೂ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಒಂದೊಂದು ಸ್ಪಾರ್ಕ್ ಪ್ಲಗ್. ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿ ನವೀಕರಿಸಿ ಇಟ್ಟುಕೊಂಡಿದ್ದೇನೆ. ಮೂರು ಸಿಲಿಂಡರಿನ ಇಂಜಿನ್‌ನಲ್ಲಿ ಒಂದು ಕೆಲಸ ನಿಲ್ಲಿಸಿದರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು ಎಂದೇ ಲೆಕ್ಕ. ಘಾಟಿಯಲ್ಲಿ ಅದು ಎದ್ದು ಕಾಣುತ್ತದೆ.

ಪ್ಲಗ್ ಬಿಚ್ಚುವುದು ನನಗೆ ಹೊಸತಲ್ಲ. ನಮ್ಮ ಮನೆಯಲ್ಲಿ ಮೊದಲು ಬಜಾಜ್ ಚೇತಕ್ ಇತ್ತು. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕು. ಮಳೆಗಾಲದ ಬೆಳಿಗ್ಗೆ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಅಪ್ಪಯ್ಯ ಡಿಕ್ಕಿಯಿಂದ ಪ್ಲಗ್ ಪಾನಾ ತೆಗೆಯುತ್ತಿದ್ದರು. ಪ್ಲಗ್ ಬಿಚ್ಚಿ, ಕಪ್ಪು ಮಸಿಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಾಯಿಂದ ಊದಿ ಮತ್ತೆ ಹಾಕಿದರೆ ಮುಂದಿನ ಕಿಕ್ಕಿಗೇ ಗಾಡಿ ಹೊರಡುತ್ತಿತ್ತು. ಕಾರಿನಲ್ಲಿ ಕೆಲಸ ಅದೇ. ಆದರೆ ಇಲ್ಲಿ ಅವಸರ ಮಾಡಿದರೆ ಕೆಡುವುದು ಇಂಜಿನ್‌ನ ಅಲ್ಯೂಮಿನಿಯಂ ಹೆಡ್ (ಪ್ಲಗ್ ಕೂರುವ ಮೇಲ್ಭಾಗ), ಹಾಗಾಗಿ ಸಮಾಧಾನ ಬೇಕು.

ಪ್ಲಗ್ ಕೊಳ್ಳುವಾಗಲೇ ಮೊದಲ ಪಾಠವಾಯಿತು. ನನ್ನ ಕಾರಿಗೆ ನಾನು ಹಾಕುವುದು ಎನ್‌ಜಿಕೆ ಕಂಪನಿಯ ಬಿಪಿಆರ್5ಇಎಸ್. ಅಂಗಡಿಯವರು 'ಬಿಪಿಆರ್6ಇಎಸ್' ಎಂದು ಬರೆದ ಡಬ್ಬಿ ಮುಂದಿಟ್ಟು, "ಐದೂ ಆರೂ ಒಂದೇ ಸರ್, ಕೂತ್ಕೊಳ್ಳುತ್ತೆ" ಎಂದರು. ಕೂತುಕೊಳ್ಳುವುದು ನಿಜ. ಬಿ ಅಂದರೆ 14 ಮಿಲಿಮೀಟರ್ ಥ್ರೆಡ್, ಇ ಅಂದರೆ ಆ ಥ್ರೆಡ್ಡಿನ 19 ಮಿಲಿಮೀಟರ್ ಉದ್ದ. ಎರಡರಲ್ಲೂ ಅವು ಒಂದೇ. ನಡುವಿನ ಅಂಕೆ ಹೇಳುವುದು ಬೇರೆ ವಿಷಯ: ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎನ್ನುವುದು. ಎನ್‌ಜಿಕೆಯಲ್ಲಿ ಅಂಕೆ ಏರಿದಂತೆ ಪ್ಲಗ್ ತಣ್ಣಗಿರುತ್ತದೆ. ಪ್ಲಗ್ಗಿನ ಮೂತಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ತಲುಪಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅಷ್ಟು ಬಿಸಿಯಾಗದಿದ್ದರೆ ಮಸಿ ಕೂರುತ್ತದೆ. ಪೇಟೆಯೊಳಗೆ ನಾಲ್ಕು ಕಿಲೋಮೀಟರ್ ಹೋಗಿ ಬರುವುದೇ ಹೆಚ್ಚಾದ ನನ್ನ ಕಾರಿಗೆ ತಣ್ಣನೆಯ ಪ್ಲಗ್ ಬೇಡ. ಮತ್ತೆರಡು ಅಂಗಡಿ ಸುತ್ತಿ ಐದನೇ ನಂಬರಿನದೇ ತಂದೆ.

ಬಾಷ್ ಕಂಪನಿಯ ಪ್ಲಗ್ ಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಅಲ್ಲಿ ಲೆಕ್ಕ ಉಲ್ಟಾ, ಅಂಕೆ ಏರಿದಂತೆ ಪ್ಲಗ್ ಬಿಸಿ. ಎನ್‌ಜಿಕೆಯ 5ಕ್ಕೆ ಅಲ್ಲಿ ಸಮನಾದದ್ದು 8, 6ಕ್ಕೆ 7. ಅಪ್ಪಯ್ಯ ಇವತ್ತಿಗೂ ಅದನ್ನು ಮೈಕೋ ಪ್ಲಗ್ ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಹೆಸರು ಮೈಕೋ ಲೇಔಟ್‌ನಲ್ಲಿ ಇನ್ನೂ ಉಳಿದಿದೆ.

ಭಾನುವಾರ ಬೆಳಿಗ್ಗೆ, ರಾತ್ರಿಯೆಲ್ಲ ತಣಿದಿದ್ದ ಇಂಜಿನ್‌ನ ಬಾನೆಟ್ ಎತ್ತಿದೆ. ಇಂಜಿನ್ ತಣ್ಣಗಿರಲೇಬೇಕು. ಬಿಸಿ ಇದ್ದಾಗ ಪ್ಲಗ್ ತಿರುಗಿಸಿದರೆ ಹೆಡ್ಡಿನ ಮೆತ್ತಗಿನ ಥ್ರೆಡ್ ಕಿತ್ತು ಬರಬಹುದು. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಕಿಡಿಯ ಕರೆಂಟನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಪ್ಲಗ್‌ಗಳಿಗೆ ಹೋಗುವ ಮೂರು ದಪ್ಪ ಕಪ್ಪು ವೈರ್‌ಗಳಿಗೆ ಬಿಳಿ ಟೇಪ್ ಸುತ್ತಿ 1, 2, 3 ಎಂದು ಬರೆದೆ. ಬೆಲ್ಟ್ ಇರುವ ಕಡೆಯದು ಒಂದನೆಯದು. ಕಿಡಿ ಹೊಡೆಯುವ ಕ್ರಮ 1-3-2. ವೈರ್ ಅದಲು ಬದಲಾದರೆ ಇಂಜಿನ್ ಕೆಮ್ಮುತ್ತದೆ, ಓಡುವುದಿಲ್ಲ. ಅದಕ್ಕೇ ಒಂದೊಂದೇ ಪ್ಲಗ್ ಬಿಚ್ಚಿ, ಅದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವುದು ನನ್ನ ರೂಢಿ.

ವೈರಿನ ತುದಿಯ ರಬ್ಬರ್ ಟೋಪಿ, ಅಂದರೆ ಬೂಟ್, ಬಿಡಿಸುವಾಗ ವೈರ್ ಹಿಡಿದು ಜಗ್ಗಬಾರದು. ರಬ್ಬರ್ ಬೂಟನ್ನೇ ಹಿಡಿದು ಸ್ವಲ್ಪ ತಿರುವಿ ಎಳೆಯಬೇಕು. ಆಮೇಲೆ ಸೈಕಲ್ ಪಂಪಿನಿಂದ ಪ್ಲಗ್ಗಿನ ಬುಡಕ್ಕೆ ಜೋರಾಗಿ ಗಾಳಿ ಹೊಡೆದೆ. ನಮ್ಮಲ್ಲಿ ಅಡಿಕೆ ಸುಲಿಯುವ ಅಂಗಳದಲ್ಲೇ ಕಾರು ನಿಲ್ಲುವುದು. ಸಿಪ್ಪೆಯ ನಾರು, ಧೂಳು ಅಲ್ಲೆಲ್ಲ ಸೇರಿಕೊಂಡಿರುತ್ತದೆ. ಪ್ಲಗ್ ತೆಗೆದಾಗ ಅದು ಒಳಗೆ ಬಿದ್ದರೆ ನೇರ ಸಿಲಿಂಡರಿಗೇ ಹೋಗುತ್ತದೆ.

ಈ ಪ್ಲಗ್ಗಿಗೆ 21 ಮಿಲಿಮೀಟರ್ ಪಾನಾ ಬೇಕು. ಒಂದು ಮತ್ತು ಎರಡನೆಯದು ಸಲೀಸಾಗಿ ಬಂದವು. ಮೂರನೆಯದನ್ನು ಹಿಂದೆ ಯಾರೋ ಮೈಮೇಲೆ ಬಂದವರಂತೆ ಬಿಗಿದಿದ್ದರು. ಬುಡಕ್ಕೆ ನಾಲ್ಕು ಹನಿ ಡಬ್ಲ್ಯೂಡಿ-40 ಬಿಟ್ಟು, ಕಾಫಿ ಕುಡಿದು ಬಂದು ಕೈ ಹಾಕಿದೆ. ಕಾಲು ಸುತ್ತು ಬಿಚ್ಚುವುದು, ಸ್ವಲ್ಪ ವಾಪಸ್ ಬಿಗಿಯುವುದು, ಮತ್ತೆ ಬಿಚ್ಚುವುದು. ಹೀಗೆ ಹತ್ತು ನಿಮಿಷ ಹಿಡಿಯಿತು. ಥ್ರೆಡ್ ಉಳಿಯಿತು.

ಬಿಚ್ಚಿದ ಪ್ಲಗ್‌ಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ಪ್ಲಗ್ ಬದಲಿಸುವ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಹೊತ್ತು. ಇಂಜಿನ್ ಬಿಚ್ಚದೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಾರೆ ಕಾಣಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಗ್ಯಾರೇಜಿನಲ್ಲಿ ಹಳೆಯ ಪ್ಲಗ್ ಡಬ್ಬಕ್ಕೆ ಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಮತ್ತು ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ತಿಳಿ ಕಂದು ಬಣ್ಣವಿತ್ತು. ಅದು ಆರೋಗ್ಯದ ಬಣ್ಣ. ಎರಡನೆಯದು ಮಾತ್ರ ಕಪ್ಪಗೆ, ಒದ್ದೆಯಾಗಿ ಇತ್ತು. ಮೂಸಿದೆ: ಪೆಟ್ರೋಲ್ ವಾಸನೆ. ಬೆರಳಿಗೆ ಜಿಡ್ಡು ಹತ್ತಲಿಲ್ಲ, ಬಿಸಿಲಿಗೆ ಇಟ್ಟರೆ ಒಣಗಿಹೋಯಿತು. ಆಯಿಲ್ ಆಗಿದ್ದರೆ ಒಣಗುತ್ತಿರಲಿಲ್ಲ. ಆಗ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿದೆ ಎಂದು ದೊಡ್ಡ ಖರ್ಚಿಗೆ ಸಿದ್ಧವಾಗಬೇಕಿತ್ತು. ಪೆಟ್ರೋಲ್ ಅಂದರೆ ಸಿಲಿಂಡರಿಗೆ ಇಂಧನ ಬರುತ್ತಿದೆ, ಆದರೆ ಉರಿಯುತ್ತಿಲ್ಲ.

ಕಿಡಿ ಹಾರುವ ಸಂದನ್ನು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿದರೆ ಮೂರೂ ಪ್ಲಗ್‌ಗಳ ಆ ಸಂದು, ಅಂದರೆ ಗ್ಯಾಪ್, 1.1 ಮಿಲಿಮೀಟರ್ ಆಗಿತ್ತು. ಇರಬೇಕಾದದ್ದು 0.7ರಿಂದ 0.8. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ ಸೆಕೆಂಡಿಗೆ 25 ಕಿಡಿ ಹೊಡೆಯುತ್ತದೆ. ಒಂದೊಂದು ಕಿಡಿಯೂ ಲೋಹವನ್ನು ಕಣದಷ್ಟು ತಿನ್ನುತ್ತಾ ಹೋಗುತ್ತದೆ. ಗ್ಯಾಪ್ ಹೆಚ್ಚಾದಷ್ಟೂ ಅದನ್ನು ಹಾರಲು ಹೆಚ್ಚು ವೋಲ್ಟೇಜ್ ಬೇಕು.

ಹೊಸ ಪ್ಲಗ್‌ಗಳ ಗ್ಯಾಪನ್ನೂ ಅಳೆದೆ. ಎರಡು 0.8 ಇದ್ದವು, ಒಂದು ಚೂರು ಜಾಸ್ತಿ ಇತ್ತು. ಬಾಗಿದ ಹೊರಗಿನ ಕಾಲನ್ನು ಮಾತ್ರ ಮೆಲ್ಲಗೆ ತಟ್ಟಿ ಸರಿ ಮಾಡಿದೆ. ನಡುವಿನ ಕಡ್ಡಿಗೆ ಮೀಟುಗೋಲು ಹಾಕಿದರೆ ಪಿಂಗಾಣಿ ಬಿರಿಯುತ್ತದೆ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ಗನ್ನೂ ನಾನು ಹಾಕುವುದಿಲ್ಲ.

ಹಾಕುವಾಗ ಒಂದು ಗೇಣು ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಅದನ್ನೇ ಬೆರಳಿನಿಂದ ತಿರುಗಿಸುತ್ತೇನೆ. ಥ್ರೆಡ್ ಓರೆ ಕೂತರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಪಾನಾ ಹಿಡಿದರೆ ಕೈಗೆ ಆ ಸೂಕ್ಷ್ಮ ಗೊತ್ತಾಗುವುದಿಲ್ಲ. ಬೆರಳಿನಲ್ಲಿ ಪೂರ್ತಿ ಕೂತ ಮೇಲೆ ಪಾನಾದಿಂದ ಅರ್ಧ ಸುತ್ತು, ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊಸ ವಾಷರ್ ಅಮುಕಿಕೊಳ್ಳಲು ಅಷ್ಟು ಸಾಕು. ಬೂಟ್ ಒತ್ತಿದಾಗ 'ಟಕ್' ಎಂದು ಕಚ್ಚಿಕೊಳ್ಳಬೇಕು.

ಕಾರು ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಹೂವಿನಂತೆ ಮೆತ್ತಗಾಗಿತ್ತು. ಅಪ್ಪಯ್ಯನಿಗೂ ಖುಷಿಯಾಯಿತು. ಆದರೆ ನನ್ನ ಮನಸ್ಸು ಆ ಒದ್ದೆ ಪ್ಲಗ್ಗಿನ ಮೇಲೇ ಇತ್ತು. ಮೂರೂ ಒಂದೇ ದಿನ ಹಾಕಿದ ಪ್ಲಗ್, ಮೂರರ ಗ್ಯಾಪೂ ಒಂದೇ. ಹಾಗಿದ್ದ ಮೇಲೆ ಎರಡನೆಯದು ಮಾತ್ರ ಏಕೆ ಉರಿಯಲಿಲ್ಲ?

ಮೂರು ವಾರದ ಮೇಲೆ ಉಡುಪಿಗೆ ಹೋಗಿ ಬರುವಾಗ ಉತ್ತರ ಸಿಕ್ಕಿತು. ಅದೇ ಘಾಟಿ, ಅದೇ ನಡುಕ, ಈ ಸಲ ಸ್ವಲ್ಪ ಕಡಿಮೆ. ಮನೆಗೆ ಬಂದು, ಇಂಜಿನ್ ಆರಿದ ಮೇಲೆ ಎರಡನೆಯದನ್ನು ಬಿಚ್ಚಿದರೆ ಹೊಸ ಪ್ಲಗ್ಗೂ ಕಪ್ಪಾಗುತ್ತಾ ಬಂದಿತ್ತು. ಮೂರೂ ವೈರ್‌ಗಳನ್ನು ಬಿಡಿಸಿ ಮಲ್ಟಿಮೀಟರ್ ಇಟ್ಟು ವಿದ್ಯುತ್ ರೋಧ ಅಳೆದೆ. ಒಂದು 6 ಕಿಲೋ ಓಮ್, ಇನ್ನೊಂದು 8. ಎರಡನೇ ಪ್ಲಗ್ಗಿನ ವೈರಿನಲ್ಲಿ ಅಂಕೆಯೇ ಬರಲಿಲ್ಲ. ಬೂಟಿನ ಹತ್ತಿರ ಬಗ್ಗಿಸಿದರೆ ಒಮ್ಮೆ 40 ತೋರಿಸಿ ಮಾಯವಾಯಿತು.

ಈ ವೈರ್‌ಗಳ ಒಳಗೆ ತಾಮ್ರದ ತಂತಿ ಇರುವುದಿಲ್ಲ, ಕಾರ್ಬನ್ ಹಿಡಿಸಿದ ನಾರು ಇರುತ್ತದೆ. ವೈರ್ ಹಿಡಿದು ಜಗ್ಗಿದರೆ ಅದು ಒಳಗೇ ತುಂಡಾಗುತ್ತದೆ, ಹೊರಗಿನ ರಬ್ಬರ್ ಸರಿಯಾಗಿಯೇ ಕಾಣುತ್ತದೆ. ವರ್ಷಗಳ ಹಿಂದೆ ಈ ರೀತಿ ಜಗ್ಗಿದ್ದು ನಾನೇ ಇರಬೇಕು. ಆಗ ನನಗೆ ತಿಳಿದಿರಲಿಲ್ಲ. ಸಮತಟ್ಟಿನಲ್ಲಿ ಓಡುವಾಗ ಸಿಲಿಂಡರಿನ ಒತ್ತಡ ಕಡಿಮೆ, ಹಾಗಾಗಿ ಕಿಡಿ ವೈರ್ ತುಂಡಾದ ಜಾಗವನ್ನೂ ದಾಟಿ ಗ್ಯಾಪನ್ನೂ ಹಾರುತ್ತಿತ್ತು. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಏರುತ್ತದೆ, ಬೇಕಾಗುವ ವೋಲ್ಟೇಜೂ ಏರುತ್ತದೆ, ಕಿಡಿ ಸೋಲುತ್ತದೆ. ಹೊಸ ಪ್ಲಗ್ಗಿನ ಕಿರಿದಾದ ಗ್ಯಾಪ್ ಕೆಲವು ದಿನ ಆ ದೋಷವನ್ನು ಮುಚ್ಚಿಟ್ಟಿತ್ತು.

ಮೂರು ವೈರ್‌ಗಳ ಹೊಸ ಸೆಟ್ ತಂದು, ಉದ್ದ ನೋಡಿಕೊಂಡು ಒಂದೊಂದಾಗಿ ಬದಲಿಸಿದೆ. ಎರಡನೇ ಪ್ಲಗ್ಗನ್ನು ಒರೆಸಿ ಅದನ್ನೇ ಮತ್ತೆ ಹಾಕಿದೆ. ಒಮ್ಮೆ ಅಮುಕಿದ ವಾಷರ್ ಆದ್ದರಿಂದ ಈ ಸಲ ಅರ್ಧ ಸುತ್ತು ಬೇಡ, ಬೆರಳಿನಲ್ಲಿ ಕೂತ ಮೇಲೆ ಹನ್ನೆರಡರಲ್ಲಿ ಒಂದು ಸುತ್ತು ಸಾಕು.

ಅದಾದ ಮೇಲೆ ಘಾಟಿಯನ್ನು ಎರಡು ಸಲ ಹತ್ತಿ, 500 ಕಿಲೋಮೀಟರ್ ಓಡಿಸಿ, ಮೂರನ್ನೂ ಬಿಚ್ಚಿ ಅದೇ ಬಿಳಿ ಕಾಗದದ ಮೇಲೆ ಇಟ್ಟೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಂದು ಎರಡನೆಯದನ್ನೇ ಎತ್ತಿ ಬೆಳಕಿಗೆ ಹಿಡಿದರು. "ಈಗ ಮೂರೂ ಒಂದೇ ಬಣ್ಣ ಆಯ್ತು ನೋಡು," ಎಂದರು. ತಿಳಿ ಕಂದು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುವ ಪುಸ್ತಕದಲ್ಲಿ ತಾರೀಖು, ಕಿಲೋಮೀಟರ್, ಪ್ಲಗ್ಗಿನ ನಂಬರ್, ಗ್ಯಾಪ್ ಬರೆದಿಟ್ಟೆ. ಇನ್ನು 10,000 ಕಿಲೋಮೀಟರ್ ಆದ ಮೇಲೆ ಬಿಚ್ಚಿ ನೋಡುವುದು.